ತಿಕ್ಕುವ ಕೈ, ತೊಳೆಯುವ ಕೈ

ಶುಚಿಮಾಡುವ ಕೆಲಸಕ್ಕೆ ನಮ್ಮ ಕನ್ನಡದಲ್ಲಿ ಎಷ್ಟು ಕ್ರಿಯಾಪದಗಳಿವೆಯೆಂಬುದನ್ನು ವಾಚಕರು ಎಂದಾದರೂ ಎಣಿಸಿ ನೋಡಿದ್ದುಂಟೇ? ನೆಲವನ್ನು ಗುಡಿಸುತ್ತೇವೆ, ಸಾರಿಸುತ್ತೇವೆ, ಒರೆಸುತ್ತೇವೆ. ಬಟ್ಟೆಯನ್ನು ಒಗೆಯುತ್ತೇವೆ, ಜಾಲಿಸುತ್ತೇವೆ. ಹಲ್ಲನ್ನು ಉಜ್ಜುತ್ತೇವೆ, ಹಿತ್ತಾಳೆಯ ದೀಪವನ್ನು ಬೆಳಗುತ್ತೇವೆ, ಚೊಂಬನ್ನು ಗಲಬರಿಸುತ್ತೇವೆ, ಕೈಕಾಲುಗಳನ್ನು ತೊಳೆಯುತ್ತೇವೆ. ಇವೆಲ್ಲ ಒಂದೇ ಅರ್ಥದ ಪದಗಳೆಂದು ಯಾವ ಗೃಹಿಣಿಯೂ ಒಪ್ಪಲಾರಳು. ಎಲ್ಲಿ ಬಲ ಬೇಕು, ಎಲ್ಲಿ ನೀರು ಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿವೇಕವೆಲ್ಲ ಆ ಪದಗಳಲ್ಲೇ ಅಡಗಿದೆ. ತಿಕ್ಕುವುದೆಂದರೆ ಬಲ ಹೆಚ್ಚು, ನೀರು ಕಡಿಮೆ. ತೊಳೆಯುವುದೆಂದರೆ ನೀರು ಹೆಚ್ಚು, ಬಲ ಕಡಿಮೆ. ಮುಸುರೆ ಪಾತ್ರೆಗೆ ಮಾತ್ರ ಎರಡೂ ಬೇಕು. ಈ ಎರಡು ಕೆಲಸಗಳನ್ನು ಒಂದೇ ಹಿಡಿಯಲ್ಲಿ ಮುಗಿಸಿಬಿಡುವೆನೆಂದು ಹೊರಟ ಒಂದು ಸಣ್ಣ ಉಪಕರಣದ ವಿಚಾರವೇ ಈ ಲೇಖನದ ವಸ್ತು.

ಪ್ಲಾಸ್ಟಿಕ್ ಸಾಮಾನಿನ ಅಂಗಡಿಗಳಲ್ಲಿ ಈಗ ಇದು ಸಾಮಾನ್ಯವಾಗಿ ಸಿಗುತ್ತದೆ. ನೋಡಲು ದೊಡ್ಡ ಹಲ್ಲುಜ್ಜುವ ಬ್ರಷ್ಷಿನಂತಿರುತ್ತದೆ. ಆದರೆ ಹಿಡಿ ಟೊಳ್ಳು. ಒಂದು ಜಾತಿಯಲ್ಲಿ ಹಿಡಿಯ ತುದಿಗೆ ರಬ್ಬರಿನ ಕೊಳವೆಯನ್ನು ಸಿಕ್ಕಿಸಿ, ಕೊಳವೆಯ ಇನ್ನೊಂದು ತುದಿಯನ್ನು ನಲ್ಲಿಗೆ ಹಾಕುತ್ತಾರೆ. ನೀರು ಹಿಡಿಯೊಳಗಿಂದ ಹರಿದು ಬ್ರಷ್ಷಿನ ಎಳೆಗಳ ನಡುವಣ ತೂತುಗಳಿಂದ ಹೊರಬರುತ್ತದೆ. ವಾಹನ ತೊಳೆಯುವವರು ಇದರ ದೊಡ್ಡಣ್ಣನನ್ನು ಉಪಯೋಗಿಸುವುದನ್ನು ಎಲ್ಲರೂ ಕಂಡಿರಬಹುದು. ಇನ್ನೊಂದು ಜಾತಿಯಲ್ಲಿ ಕೊಳವೆಯಿಲ್ಲ. ಹಿಡಿಯೇ ಒಂದು ಸಣ್ಣ ಶೀಷೆ. ಅದರಲ್ಲಿ ಸಾಬೂನಿನ ನೀರು ತುಂಬಿ ಮೇಲಿನ ಗುಂಡಿಯನ್ನೊತ್ತಿದರೆ ಕೆಳಗೆ ಒಂದಿಷ್ಟು ಇಳಿಯುತ್ತದೆ.

ಬಿ.ಎ. ತರಗತಿಯಲ್ಲಿ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವವರಿಗೆ ಪಾತ್ರೆ ತಿಕ್ಕುವ ಬ್ರಷ್ಷಿನ ಗೊಡವೆ ಏಕೆಂದು ಕೆಲವು ಮಿತ್ರರು ಕೇಳಿದರು. ಕಾರಣವಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು; ಆ ಮೆಟ್ಟಿಲಿನ ಶುಲ್ಕವನ್ನು ತೆತ್ತದ್ದು ನಮ್ಮ ತಾಯಿ ಒಂದು ಕಲ್ಯಾಣಮಂಟಪದ ಹಿತ್ತಿಲಲ್ಲಿ ತಿಕ್ಕಿದ ಪಾತ್ರೆಗಳು. ಆದುದರಿಂದ ಈ ವಿಷಯ ನನಗೆ ಪರಕೀಯವಲ್ಲ.

ಪಾತ್ರೆ ಶುಚಿಯಾಗುವುದು ಹೇಗೆ? ಹೆಂಕೆಲ್ ಎಂಬ ಜರ್ಮನಿಯ ಸಾಬೂನಿನ ಸಂಸ್ಥೆಯಲ್ಲಿದ್ದ ಹರ್ಬರ್ಟ್ ಸಿನ್ನರ್ ಎಂಬ ರಸಾಯನ ವಿಜ್ಞಾನಿ 1959ರಲ್ಲಿ ಇದನ್ನು ಒಂದು ವೃತ್ತದ ಚಿತ್ರದಲ್ಲಿ ತೋರಿಸಿದನು. ಆ ವೃತ್ತಕ್ಕೆ ನಾಲ್ಕು ಪಾಲುಗಳು: ಸಾಬೂನು ಮೊದಲಾದ ರಸಾಯನ, ತಿಕ್ಕುವ ಬಲ, ಶಾಖ ಮತ್ತು ಕಾಲ. ಒಂದು ಪಾಲನ್ನು ಕುಗ್ಗಿಸಿದರೆ ಉಳಿದವುಗಳಲ್ಲಿ ಯಾವುದಾದರೂ ಒಂದನ್ನು ಹಿಗ್ಗಿಸಲೇಬೇಕು. ವೃತ್ತ ಪೂರ್ಣವಾಗದೆ ಕೊಳೆ ಹೋಗದು. ಇದರಲ್ಲಿ ಹೊಸದೇನಿದೆಯೆಂದು ಅಜ್ಜಿಯರು ನಗಬಹುದು. ತಳಹಿಡಿದ ಅನ್ನದ ಪಾತ್ರೆಗೆ ರಾತ್ರಿಯೇ ನೀರು ಹಾಕಿ ನೆನೆಯಲು ಬಿಡುವವರು ಬಲದ ಪಾಲನ್ನು ಕಾಲದಿಂದ ತುಂಬುತ್ತಾರೆ. ಜಿಡ್ಡಿನ ಬಾಣಲೆಗೆ ಬಿಸಿನೀರು ಹೊಯ್ಯುವವರು ಶಾಖದಿಂದ ತುಂಬುತ್ತಾರೆ.

ಆದರೆ ಈ ಲೆಕ್ಕವನ್ನು ಮದುವೆಯ ಮನೆಗೆ ಹಾಕಿ ನೋಡಿ. ಮೊದಲ ಪಂಕ್ತಿ ಎದ್ದ ಕೂಡಲೆ ಎರಡನೆಯದು ಕೂರಬೇಕು, ನೆನೆಹಾಕಲು ಕಾಲವಿಲ್ಲ. ಒಲೆಗಳೆಲ್ಲ ಅಡಿಗೆಯವರ ವಶ, ಬಿಸಿನೀರಿಲ್ಲ. ಸಾಬೂನನ್ನು ಉಸ್ತುವಾರಿಯವನು ಎಣಿಸಿ ಕೊಡುತ್ತಾನೆ. ನಾಲ್ಕು ಪಾಲುಗಳಲ್ಲಿ ಮೂರು ಹೀಗೆ ಕುಗ್ಗಿದ ಮೇಲೆ ವೃತ್ತವನ್ನು ಪೂರ್ಣಗೊಳಿಸುವ ಭಾರವೆಲ್ಲ ನಾಲ್ಕನೆಯದಾದ ಬಲದ ಮೇಲೆ, ಎಂದರೆ ಹಿತ್ತಿಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ ಹೆಂಗಸರ ರಟ್ಟೆಯ ಮೇಲೆ ಬೀಳುತ್ತದೆ. ಅರ್ಥಶಾಸ್ತ್ರದ ತರಗತಿಯಲ್ಲಿ ಬಂಡವಾಳಕ್ಕೆ ಬದಲಾಗಿ ಶ್ರಮವನ್ನು ಹೂಡುವ ಪಾಠ ಬಂದಾಗ ನನಗೆ ಕಾರ್ಖಾನೆಗಳು ಕಾಣಲಿಲ್ಲ. ಆ ಹಿತ್ತಿಲು ಕಂಡಿತು.

ಇನ್ನು ಉಪಕರಣಗಳಿಗೆ ಬರೋಣ. ನಮ್ಮ ಹಳೆಯ ಸಲಕರಣೆಗಳಾದ ತೆಂಗಿನ ನಾರು, ಬೂದಿ, ಹುಣಿಸೆಹಣ್ಣು ಇವುಗಳನ್ನು ಬಡವರ ಉಪಾಯವೆಂದು ತಳ್ಳಿಹಾಕುವುದು ಸಲ್ಲದು. ಒಂದೊಂದರ ಹಿಂದೆಯೂ ಒಂದು ಯುಕ್ತಿಯಿದೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಬಹಳ. ಅದರಿಂದಲೇ ಅದು ಬಿರುಸಾಗಿರುತ್ತದೆ ಮತ್ತು ಒದ್ದೆಯಲ್ಲಿದ್ದರೂ ಬೇಗ ಕೊಳೆಯುವುದಿಲ್ಲ. ತಿಪಟೂರು, ಅರಸೀಕೆರೆಯ ಸೀಮೆಯಲ್ಲಿ ಕೊಬ್ಬರಿ ಸುಲಿದ ಮೇಲೆ ಉಳಿಯುವ ಸಿಪ್ಪೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಹಿಡಿಯಷ್ಟು ಕಿತ್ತು ಉಂಡೆಮಾಡಿದರೆ ವಾರಗಟ್ಟಲೆ ಬರುತ್ತದೆ. ಬಲಿತು ಒಣಗಿದ ತುಪ್ಪದ ಹೀರೆಯ ಒಳಗಿನ ಬಲೆಯೂ ಅಂಥದೇ. ಅದು ಸ್ವಲ್ಪ ಮೃದು, ಬೆನ್ನು ತಿಕ್ಕಲು ಮೇಲು.

ಬೂದಿಯದು ಇಮ್ಮಡಿ ಕೆಲಸ. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ. ನೀರು ತಾಗಿದೊಡನೆ ಅದು ಪಾತ್ರೆಯ ಜಿಡ್ಡಿನ ಸ್ವಲ್ಪಾಂಶವನ್ನು ಅಲ್ಲಿಯೇ ಸಾಬೂನಾಗಿ ಮಾರ್ಪಡಿಸುತ್ತದೆ. ಜೊತೆಗೆ ಬೂದಿಯ ನುಣುಪಾದ ಕಣಗಳು ಅರದಂತೆ ಉಜ್ಜುತ್ತವೆ. ಎಂದರೆ ಸಿನ್ನರನ ವೃತ್ತದ ಎರಡು ಪಾಲುಗಳು ಒಂದೇ ಹಿಡಿ ಬೂದಿಯಲ್ಲಿವೆ. ಹುಣಿಸೆಯ ಹುಳಿಯು ತಾಮ್ರದ ಮೇಲಿನ ಕಪ್ಪು ಕಿಲುಬನ್ನು ಕರಗಿಸುತ್ತದೆ. ಅಲ್ಲಿ ಬಲವೇ ಬೇಡ, ಬರಿಯ ಸವರಿಕೆ ಸಾಕು. ಸೌದೆ ಒಲೆಗೆ ಇಡುವ ಮುನ್ನ ಪಾತ್ರೆಯ ಹೊರಮೈಗೆ ಬೂದಿಯನ್ನೋ ಮಣ್ಣನ್ನೋ ಕಲಸಿ ಬಳಿಯುವ ಪದ್ಧತಿ ಇನ್ನೂ ಜಾಣತನದ್ದು. ಮಸಿ ಆ ಬಳಿಕೆಯ ಮೇಲೆ ಹತ್ತುತ್ತದೆಯೇ ಹೊರತು ಪಾತ್ರೆಗಲ್ಲ; ತಿಕ್ಕುವ ಮೊದಲೇ ತಿಕ್ಕುವ ಕೆಲಸ ಅರ್ಧ ಮುಗಿದಿರುತ್ತದೆ.

ಇಲ್ಲಿ ಆಗ್ನೆಸ್ ಪೋಕೆಲ್ಸ್ ಎಂಬ ಮಹಿಳೆಯ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1862ರಲ್ಲಿ ಹುಟ್ಟಿದ ಈಕೆ ಜರ್ಮನಿಯ ಬ್ರೌನ್‌ಶ್ವೈಗ್ ನಗರದಲ್ಲಿ ಬೆಳೆದಳು. ಓದಬೇಕೆಂಬ ಆಸೆ ಬಹಳವಿತ್ತು. ಆದರೆ ಅಲ್ಲಿನ ವಿಶ್ವವಿದ್ಯಾನಿಲಯಗಳು ಆಗ ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. ತಮ್ಮ ಫ್ರಿಟ್ಜ್ ಭೌತಶಾಸ್ತ್ರ ಓದಲು ಹೋದ. ಅಕ್ಕ ಮನೆಯಲ್ಲಿ ಉಳಿದು ಕಾಯಿಲೆಯ ತಂದೆತಾಯಿಗಳ ಆರೈಕೆಯನ್ನೂ ಮನೆಗೆಲಸವನ್ನೂ ನೋಡಿಕೊಂಡಳು. ಅಡಿಗೆಮನೆಯ ನೀರಿನಲ್ಲಿ ಜಿಡ್ಡಾಗಲಿ ಸಾಬೂನಾಗಲಿ ಬಿದ್ದಾಗ ನೀರಿನ ಮೈ ಬೇರೆ ರೀತಿಯಲ್ಲಿ ವರ್ತಿಸುವುದನ್ನು ಅವಳು ಗಮನಿಸಿದಳು. ನಾವು ದಿನವೂ ನೋಡಿ ಬಿಟ್ಟುಬಿಡುವ ಸಂಗತಿ. ಅವಳು ಬಿಡಲಿಲ್ಲ. ಒಂದು ತಗಡಿನ ತೊಟ್ಟಿಯಲ್ಲಿ ಅಂಚಿನವರೆಗೆ ನೀರು ತುಂಬಿ, ಮೇಲೆ ಒಂದು ಪಟ್ಟಿಯನ್ನು ಅಡ್ಡಲಾಗಿಟ್ಟು, ಅದನ್ನು ಸರಿಸುತ್ತ ಎಣ್ಣೆಯ ಪೊರೆಯನ್ನು ಒತ್ತರಿಸಿ, ನೀರಿನ ಮೈಯ ಬಿಗಿತವನ್ನು ಒಂದು ಸಣ್ಣ ಬಿಲ್ಲೆಯಿಂದಲೂ ತಕ್ಕಡಿಯಿಂದಲೂ ಅಳೆದಳು. 1891ರ ಜನವರಿಯಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನಿ ಲಾರ್ಡ್ ರ‍್ಯಾಲೆಗೆ ಜರ್ಮನ್ ಭಾಷೆಯಲ್ಲಿ ಒಂದು ಪತ್ರ ಬರೆದಳು. ರ‍್ಯಾಲೆಯ ಪತ್ನಿ ಅದನ್ನು ಇಂಗ್ಲಿಷಿಗೆ ತಿರುಗಿಸಿಕೊಟ್ಟರು. ರ‍್ಯಾಲೆ ಅದನ್ನು 'ನೇಚರ್' ಪತ್ರಿಕೆಗೆ ಕಳುಹಿಸಿದರು. ಅದೇ ವರ್ಷ ಅದು ಅಚ್ಚಾಯಿತು. ಅವಳ ತೊಟ್ಟಿಯ ಮಾದರಿಯನ್ನೇ ಮುಂದೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಸುಧಾರಿಸಿ ಬಳಸಿದರು. ಮೇಲ್ಮೈಗಳ ರಸಾಯನಶಾಸ್ತ್ರಕ್ಕಾಗಿ ಅವರಿಗೆ 1932ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅದೇ 1932ರಲ್ಲಿ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯವು ಪೋಕೆಲ್ಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆಕೆಗೆ ಆಗ ಎಪ್ಪತ್ತು ವರ್ಷ.

ಸಾಬೂನು ಮಾಡುವುದೇನೆಂಬುದೂ ಇದರಿಂದ ತಿಳಿಯುತ್ತದೆ. ಸಾಬೂನಿನ ಅಣುವಿಗೆ ಎರಡು ತುದಿಗಳು. ಒಂದಕ್ಕೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ. ಸಾಬೂನು ನೀರಿನ ಮೈಯ ಬಿಗಿತವನ್ನು ಸಡಿಲಿಸುತ್ತದೆ, ಜಿಡ್ಡಿನ ಹನಿಯನ್ನು ಸುತ್ತುವರಿದು ನೀರಿನಲ್ಲಿ ತೇಲಿಸುತ್ತದೆ. ಆದರೆ ನೀರಿನಲ್ಲಿ ಸಾಬೂನು ಒಂದು ಮಟ್ಟಕ್ಕಿಂತ ಗಾಢವಾಗಿದ್ದರೆ ಮಾತ್ರ ಈ ಸುತ್ತುವರಿಯುವಿಕೆ ನಡೆಯುವುದು. ಅತಿಯಾಗಿ ನೀರು ಬೆರೆತರೆ ಸಾಬೂನಿನ ಶಕ್ತಿ ಉಡುಗಿಹೋಗುತ್ತದೆ.

ನಮ್ಮ ಉಪಕರಣದ ತೊಡಕು ಇಲ್ಲಿಯೇ ಇದೆ. ತಿಕ್ಕುವಾಗ ಸಾಬೂನು ಗಾಢವಾಗಿರಬೇಕು, ನೀರು ಕಡಿಮೆಯಿರಬೇಕು. ತೊಳೆಯುವಾಗ ಸಾಬೂನು ಇರಲೇಬಾರದು, ನೀರು ಹರಿಯಬೇಕು. ಸಡಿಲಗೊಂಡ ಕೊಳೆಯನ್ನು ಹರಿವು ಕೊಂಡೊಯ್ಯದಿದ್ದರೆ ಅದು ಮತ್ತೆ ಪಾತ್ರೆಗೇ ಮೆತ್ತಿಕೊಳ್ಳುತ್ತದೆ, ಮರಳಿನ ಕಣವಿದ್ದರೆ ಗೀರೂ ಬೀಳುತ್ತದೆ. ಒಂದಕ್ಕೊಂದು ವಿರುದ್ಧವಾದ ಈ ಎರಡು ಕೆಲಸಗಳನ್ನು ಒಂದೇ ಕ್ಷಣದಲ್ಲಿ ಮಾಡಹೊರಟ ಬ್ರಷ್ಷು ಎರಡನ್ನೂ ಕೆಡಿಸುತ್ತದೆ. ಆದಕಾರಣ ಇಂಥ ಬ್ರಷ್ಷಿನ ಜೀವಾಳವಿರುವುದು ಎಳೆಗಳಲ್ಲಲ್ಲ, ಹೆಬ್ಬೆರಳಿನ ಕೆಳಗಿರುವ ಗುಂಡಿಯಲ್ಲಿ. ಗುಂಡಿಯ ಕೆಳಗೆ ಒಂದು ಸ್ಪ್ರಿಂಗು, ಅದರ ತುದಿಗೆ ರಬ್ಬರಿನ ಬಿರಡೆ. ಒತ್ತಿದರೆ ಬಿರಡೆ ಸರಿದು ದಾರಿ ತೆರೆಯುತ್ತದೆ. ಬಿಟ್ಟರೆ ಸ್ಪ್ರಿಂಗು ಅದನ್ನು ಮತ್ತೆ ತೂತಿಗೆ ಒತ್ತುತ್ತದೆ. ಮೊದಲು ತಿಕ್ಕು, ಆಮೇಲೆ ತೊಳೆ ಎಂದು ಭಾಷೆ ಮಾಡಿಟ್ಟ ವಿಂಗಡಣೆಯನ್ನು ಆ ಬಿರಡೆ ಕಾಯುತ್ತದೆ. ಕೊಳ್ಳುವವರು ಬಣ್ಣವನ್ನು ನೋಡುವ ಬದಲು ಆ ಗುಂಡಿಯನ್ನು ಹತ್ತು ಸಲ ಒತ್ತಿ ನೋಡುವುದು ಒಳ್ಳೆಯದು.

ಎಳೆಗಳ ಇತಿಹಾಸವೂ ಸ್ವಾರಸ್ಯವಾದುದೇ. ಹಿಂದೆ ಬ್ರಷ್ಷಿಗೆ ಹಂದಿಯ ಕೂದಲನ್ನು ಹಾಕುತ್ತಿದ್ದರು. ಅಮೆರಿಕದ ಡ್ಯುಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕೆರೋದರ್ಸ್ ಎಂಬ ವಿಜ್ಞಾನಿಯ ತಂಡವು 1935ರಲ್ಲಿ ನೈಲಾನನ್ನು ಕಂಡುಹಿಡಿಯಿತು. ನೈಲಾನ್ ಎಂದೊಡನೆ ನಮಗೆ ಸೀರೆ, ಕಾಲುಚೀಲಗಳ ನೆನಪಾಗುತ್ತದೆ. ಆದರೆ ಪೇಟೆಗೆ ಬಂದ ಮೊದಲ ನೈಲಾನ್ ವಸ್ತು 1938ರ ಹಲ್ಲುಜ್ಜುವ ಬ್ರಷ್ಷು. ನೈಲಾನಿನ ಎಳೆ ನೀರು ಕುಡಿಯುವುದು ಕಡಿಮೆ, ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ. ತಿಕ್ಕುವ ವಸ್ತುವನ್ನೂ ಸಾಬೂನನ್ನೂ ಒಂದುಗೂಡಿಸುವ ಪ್ರಯತ್ನ ಇದಕ್ಕೂ ಹಿಂದಿನದು. 1917ರಲ್ಲಿ ಸಾನ್‌ಫ್ರಾನ್ಸಿಸ್ಕೋದಲ್ಲಿ ಮನೆಮನೆಗೆ ಹೋಗಿ ಅಲ್ಯುಮಿನಿಯಂ ಪಾತ್ರೆ ಮಾರುತ್ತಿದ್ದ ಎಡ್ ಕಾಕ್ಸ್ ಎಂಬಾತ ಉಕ್ಕಿನ ನಾರಿನ ಉಂಡೆಗೆ ಸಾಬೂನನ್ನು ಕುಡಿಸಿ ಒಣಗಿಸಿ ಗಿರಾಕಿಗಳಿಗೆ ಉಚಿತವಾಗಿ ಕೊಡತೊಡಗಿದನು. ಪಾತ್ರೆಗಿಂತ ಉಂಡೆಗೇ ಬೇಡಿಕೆ ಹೆಚ್ಚಾಯಿತು. ಅದಕ್ಕೆ 'ಎಸ್.ಓ.ಎಸ್.' ಎಂಬ ಹೆಸರನ್ನಿಟ್ಟವಳು ಅವನ ಹೆಂಡತಿ. ನಮ್ಮ ಬೋಗುಣಿಗಳನ್ನು ಕಾಪಾಡಿ ಎಂದು ಅದರ ತಾತ್ಪರ್ಯ. ಇಂದು ಎಲ್ಲ ಬಚ್ಚಲುಗಳಲ್ಲೂ ಕಾಣುವ ಹಸಿರು ಚೌಕದಲ್ಲಿ ನೈಲಾನಿನ ಬಲೆಗೆ ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗಿನ ಗಡಸುತನದ ಅಲ್ಯುಮಿನಿಯಂ ಆಕ್ಸೈಡಿನ ಕಣಗಳನ್ನು ಅಂಟಿಸಿರುತ್ತಾರೆ. ಉಕ್ಕನ್ನು ಅದು ಗೀರಬಲ್ಲದು; ಎಣ್ಣೆ ಹತ್ತದ ಕಪ್ಪು ಬಾಣಲೆಯ ಲೇಪವಂತೂ ಅದರ ಮುಂದೆ ನಿಲ್ಲದು.

ಕೊಳವೆಯ ಬ್ರಷ್ಷು ಇನ್ನೊಂದು ಸಂಗತಿಯನ್ನು ಮೊದಲೇ ಇದೆಯೆಂದು ಭಾವಿಸಿಕೊಂಡಿರುತ್ತದೆ. ಅದು ಒತ್ತಡದ ನೀರು. ನೀರಿನ ತೊಟ್ಟಿ ನಲ್ಲಿಗಿಂತ 10 ಮೀಟರು ಮೇಲಿದ್ದರೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಸಿಗುತ್ತದೆ. ತಾರಸಿಯ ತೊಟ್ಟಿ 3 ಮೀಟರು ಮೇಲಿದ್ದರೆ ಅದರ ಮೂರರಲ್ಲೊಂದು ಪಾಲಿಗೂ ಕಡಿಮೆ. ಸಣ್ಣ ತೂತುಗಳಲ್ಲಿ ಅದು ಚಿಮ್ಮುವುದಿಲ್ಲ, ಜಿನುಗುತ್ತದೆ. ಬೀದಿಯ ನಲ್ಲಿಯಿಂದ ಕೊಡದಲ್ಲಿ ತಂದು ಡ್ರಮ್ಮಿನಲ್ಲಿ ತುಂಬಿಟ್ಟ ನೀರಿಗಂತೂ ಒತ್ತಡವೇ ಇಲ್ಲ. ಈ ಉಪಕರಣವನ್ನು ಕಲ್ಪಿಸಿದವನ ಕಣ್ಣಮುಂದೆ ಇದ್ದವಳು ಎತ್ತರದ ಕಟ್ಟೆಯ ಮುಂದೆ ನಿಂತು, ಗೋಡೆಯ ನಲ್ಲಿಯನ್ನು ತಿರುಗಿಸಿ ಪಾತ್ರೆ ತೊಳೆಯುವ ಹೆಂಗಸು. ಬಚ್ಚಲ ಕಲ್ಲಿನ ಮೇಲೆ ಕುಳಿತು, ಬಲಗೈಯಲ್ಲಿ ನಾರು, ಎಡಗೈಯಲ್ಲಿ ಚೊಂಬು ಹಿಡಿದವಳು ಅವನಿಗೆ ಕಾಣಲಿಲ್ಲ. ಅವಳಿಗೆ ತಿಕ್ಕುವ ಕೈ ಬೇರೆ, ತೊಳೆಯುವ ಕೈ ಬೇರೆ; ಪಾತ್ರೆ ಕಾಲಿನ ಆಸರೆಯಲ್ಲಿ ನೆಲದ ಮೇಲಿರುತ್ತದೆ. ನೀರಿನ ಲೆಕ್ಕ ಅವಳ ಎಡಗೈಗೆ ಗೊತ್ತು.

ಆ ಲೆಕ್ಕ ಅಲಕ್ಷ್ಯ ಮಾಡತಕ್ಕದ್ದಲ್ಲ. ನಿಮಿಷಕ್ಕೆ 6 ಲೀಟರು ಸುರಿಯುವ ನಲ್ಲಿಯೆಂದು ಇಟ್ಟುಕೊಳ್ಳೋಣ. ಅದನ್ನು ತೆರೆದಿಟ್ಟೇ 10 ನಿಮಿಷ ಪಾತ್ರೆ ತೊಳೆದರೆ 60 ಲೀಟರು ಹೋಯಿತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನ ಇಡೀ ದಿನದ ಎಲ್ಲ ಅಗತ್ಯಕ್ಕೂ ಗೊತ್ತುಮಾಡಿದ ನೀರು 55 ಲೀಟರು. ಬಿರಡೆಯಿಲ್ಲದ ಕೊಳವೆ ಬ್ರಷ್ಷು ಈ ಅಪವ್ಯಯದ ಪಕ್ಷ. ಸರಿಯಾದ ಬಿರಡೆಯುಳ್ಳದ್ದು ಉಳಿತಾಯದ ಪಕ್ಷ.

ನಾನು ವಿದ್ಯಾರ್ಥಿವೇತನದ ಹಣದಲ್ಲಿ ಒಂದು ಶೀಷೆಯ ಹಿಡಿಯ ಬ್ರಷ್ಷನ್ನು ಕೊಂಡು ತಾಯಿಯವರ ಕೈಗೆ ಕೊಟ್ಟೆ. ಅವರು ಎರಡು ದಿನ ಮಂಟಪದಲ್ಲಿ ಅದನ್ನು ಬಳಸಿ ಹೇಳಿದ ತೀರ್ಪು ಹೀಗಿತ್ತು: "ಇದು ತೊಳೀತದೆ ಕಣ್ ಮಗ, ತಿಕ್ಕಾಕಿಲ್ಲ." ಲೋಟ, ಬಟ್ಟಲು, ಕೈ ಹೋಗದ ಕಿರುಬಾಯಿಯ ಪಾತ್ರೆಗಳಿಗೆ ಬಹಳ ಅನುಕೂಲ; ಸಾರಿನ ಕೊಪ್ಪರಿಗೆಯ ತಳಕ್ಕೆ ಅದು ಆಟದ ಸಾಮಾನು. ಕಾರಣವನ್ನು ನಾನು ಆಮೇಲೆ ಯೋಚಿಸಿದೆ. ನೈಲಾನಿನ ಎಳೆ ಒತ್ತಿದರೆ ಬಾಗುತ್ತದೆ, ಬಾಗಿದರೆ ತುದಿಗೆ ಬದಲು ಪಕ್ಕ ತಾಗುತ್ತದೆ. ಸೀದ ಅಂಟನ್ನು ಕೀಳುವುದು ತುದಿ. ನಾರಿನ ಉಂಡೆಯ ಹಿಂದೆ ಅಂಗೈ ಇರುತ್ತದೆ, ಅಂಗೈಯ ಹಿಂದೆ ಭುಜವಿರುತ್ತದೆ. ಅಷ್ಟು ಬಲವನ್ನು ಪ್ಲಾಸ್ಟಿಕ್ಕಿನ ಹಿಡಿ ತಡೆಯದು.

ಹಾಗಾದರೆ ಹಿಡಿಯಿಂದ ಲಾಭವೇನು? ಚರ್ಮ. ಸಾಬೂನಿಗೆ ಪಾತ್ರೆಯ ಜಿಡ್ಡು ಯಾವುದು, ಕೈಯ ಜಿಡ್ಡು ಯಾವುದು ಎಂಬ ಭೇದ ತಿಳಿಯದು. ಚರ್ಮದ ಹೊರಪದರವನ್ನು ಕಾಯುವ ಸ್ನಿಗ್ಧಾಂಶವನ್ನೂ ಅದು ಎತ್ತಿಕೊಂಡು ಹೋಗುತ್ತದೆ, ನೀರು ಆ ಪದರವನ್ನು ಊದಿಸುತ್ತದೆ, ಒಣಗುವಾಗ ಬಿರಿಯುತ್ತದೆ. ಕೈಗಳು ದಿನಕ್ಕೆ 2 ಗಂಟೆಗಿಂತ ಹೆಚ್ಚು ಕಾಲ ಒದ್ದೆಯಲ್ಲಿರುವ ಉದ್ಯೋಗವನ್ನು ಜರ್ಮನಿಯ ಕಾರ್ಮಿಕ ಆರೋಗ್ಯದ ನಿಯಮಗಳಲ್ಲಿ 'ಒದ್ದೆ ಕೆಲಸ'ವೆಂದು ಬೇರೆಯಾಗಿ ಗುರುತಿಸಿ, ಚರ್ಮದ ರಕ್ಷಣೆಗೆ ಏರ್ಪಾಡು ಮಾಡಬೇಕೆಂದು ವಿಧಿಸಿದ್ದಾರೆ. ಮದುವೆಯ ಕಾಲದಲ್ಲಿ ನಮ್ಮ ತಾಯಿ ಆ ಎರಡು ಗಂಟೆಗಳನ್ನು ಬೆಳಗಿನ ತಿಂಡಿಯ ಪಂಕ್ತಿಗೇ ಮುಗಿಸುತ್ತಾರೆ. ಬೆರಳುಗಳ ಸಂದಿನಲ್ಲಿ ಬೆಳ್ಳಗೆ ಬಿರಿದ ಚರ್ಮಕ್ಕೆ ರಾತ್ರಿ ಕೊಬ್ಬರಿ ಎಣ್ಣೆ ಸವರುವುದೇ ನಾವು ಕಂಡ ಏರ್ಪಾಡು. ಕೊಬ್ಬರಿ ಎಣ್ಣೆ ಒಳ್ಳೆಯದೇ, ಹೋದ ಜಿಡ್ಡನ್ನು ಅಷ್ಟಿಷ್ಟು ತುಂಬಿಕೊಡುತ್ತದೆ. ಆದರೆ ಕೈಯನ್ನು ಸಾಬೂನಿನ ನೀರಿನಿಂದ ಒಂದು ಗೇಣು ದೂರವಿಡುವ ಹಿಡಿ ಅದಕ್ಕಿಂತ ಮೇಲು. ಒಳಗೆ ನೀರು ಸೇರದ ಕೈಗವಸಾದರೂ ಆದೀತು. ಒಳಗೆ ನೀರು ಸೇರಿದ ಕೈಗವಸು ಬರಿಗೈಗಿಂತ ಕೆಟ್ಟದ್ದು.

ಇನ್ನೊಂದು ಮಾತು ಸ್ಪಂಜನ್ನು ನೆಚ್ಚಿದವರಿಗೆ. 2017ರಲ್ಲಿ ಜರ್ಮನಿಯ ಫುರ್ಟ್‌ವಾಂಗೆನ್ ವಿದ್ಯಾಲಯದ ಸಂಶೋಧಕರು ಮನೆಗಳಿಂದ ತಂದ 14 ಹಳೆಯ ಸ್ಪಂಜುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಬ್ಯಾಕ್ಟೀರಿಯಗಳು ಅತಿ ದಟ್ಟವಾಗಿ ತುಂಬಿರುವುದನ್ನು ಕಂಡರು. ಒದ್ದೆ, ಬೆಚ್ಚಗಿನ ಗಾಳಿ, ಅನ್ನದ ಅಗುಳು ಮೂರೂ ಸೇರಿದರೆ ಬೇರೇನಾದೀತು? ಬ್ರಷ್ಷು ಬೇಗ ಒಣಗುವುದರಿಂದ ಈ ವಿಷಯದಲ್ಲಿ ಮೇಲು. ಆದರೆ ಶೀಷೆಯ ಹಿಡಿಯಲ್ಲಿ ಹಳೆಯ ಸಾಬೂನಿನ ನೀರನ್ನು ದಿನಗಟ್ಟಲೆ ಬಿಡಬಾರದು. ನಮ್ಮ ಕೊಳವೆ ಬಾವಿಗಳ ಗಡಸು ನೀರು ಅದರ ತೂತುಗಳಲ್ಲಿ ಬಿಳಿಯ ಸುಣ್ಣವಾಗಿ ಕಟ್ಟುತ್ತದೆ. ಹುಣಿಸೆಯ ರಸದಲ್ಲಿ ಒಂದು ರಾತ್ರಿ ನೆನೆಸಿದರೆ ಸುಣ್ಣ ಬಿಡುತ್ತದೆ.

ನಮ್ಮ ತಾಯಿ ಆ ಬ್ರಷ್ಷನ್ನು ಲೋಟಗಳಿಗೆ ಇಟ್ಟುಕೊಂಡಿದ್ದಾರೆ. ಕೊಪ್ಪರಿಗೆಗೆ ಬೇರೆ ಏರ್ಪಾಡಾಗಿದೆ: ಮೊಳದುದ್ದದ ಬೇವಿನ ಕೋಲಿನ ತುದಿಗೆ ತೆಂಗಿನ ನಾರನ್ನು ಬಿಗಿದು ಕಟ್ಟಿ, ಎರಡೂ ಕೈಯಿಂದ ಒತ್ತಿ ತಿಕ್ಕುತ್ತಾರೆ, ಜೊತೆಯ ಹೆಂಗಸು ಚೊಂಬಿನಿಂದ ನೀರು ಹೊಯ್ಯುತ್ತಾಳೆ. ನಾರು ಸವೆದರೆ ಹೊಸದನ್ನು ಕಟ್ಟಬಹುದು, ಕೋಲು ಹಾಗೆಯೇ ಇರುತ್ತದೆ.